ಕುಂಬಳ ಬಳ್ಳಿಯ ಹತ್ತು ನಾಳ

ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಪರೀಕ್ಷಕರು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಗುತ್ಯಮ್ಮ ಮೇಜಿನ ಪಕ್ಕ ನಿಂತು ಕಾಯುತ್ತಿದ್ದಳು. ಪಕ್ಕದ ಮೇಜಿನ ಹುಡುಗನ ಸ್ಲೈಡನ್ನು ಅವರು ಅರ್ಧ ನಿಮಿಷದಲ್ಲಿ ಮುಗಿಸಿದ್ದರು. ಇಲ್ಲಿ ಮಾತ್ರ ಒಮ್ಮೆ ಮಸೂರ, ಒಮ್ಮೆ ಅವಳು ಬರೆದ ಚಿತ್ರ, ಮತ್ತೆ ಮಸೂರ. ತಪ್ಪು ಎಲ್ಲಿದೆ ಎಂದು ಅವಳಿಗೆ ಹೊಳೆಯಲಿಲ್ಲ, ಎಲ್ಲೋ ಇದೆ ಎಂಬುದು ಮಾತ್ರ ಖಾತ್ರಿಯಾಯಿತು.

ಅದು ಅರವತ್ತೇಳನೆಯ ಇಸವಿಯ ಏಪ್ರಿಲ್. ಸಾಗರದಂಥ ಊರಿನ ಪುಟ್ಟ ಕಾಲೇಜಿಗೆ ಮೈಸೂರಿನಿಂದ ಪರೀಕ್ಷಕರು ಬರುವುದೆಂದರೆ ಅಮಲ್ದಾರರ ಸವಾರಿ ಬಂದ ಹಾಗೆ. ಹಿಂದಿನ ದಿನವೇ ಮೇಜು ಒರೆಸಿ, ಒಡೆದ ಗಾಜಿನ ಸಾಮಾನು ಬಚ್ಚಿಟ್ಟಿದ್ದರು. ಅದರಲ್ಲೂ ಬಂದವರು ಶ್ರೀಕೃಷ್ಣರಾಯರು. ಮೈಸೂರಿನ ದೊಡ್ಡ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮುಖ್ಯಸ್ಥರು. ಬೇರೆ ಊರುಗಳ ಕಾಲೇಜಿನಿಂದ ಬಿ.ಎಸ್ಸಿ. ಎರಡನೇ ವರ್ಷಕ್ಕೆ ವರ್ಗವಾಗಿ ಬರುವವರಿಗೆ ಅಲ್ಲಿ ಇದ್ದದ್ದು ಎರಡೇ ಸೀಟು. ಆ ಎರಡನ್ನು ಆರಿಸುವವರು ಇವರೇ. ಮೊದಲ ವರ್ಷದಲ್ಲಿ ನೂರಕ್ಕೆ ಅರವತ್ತು ಬಂದಿರಬೇಕು, ಜೊತೆಗೆ ಓದಿದ ವಿಭಾಗದಿಂದ ಒಂದು ಶಿಫಾರಸು ಪತ್ರ ಬೇಕು. ಇವೆರಡೂ ಇಲ್ಲದ ಅರ್ಜಿ ಅವರ ಮೇಜಿಗೇ ಹೋಗುತ್ತಿರಲಿಲ್ಲ.

ಆ ಎರಡರಲ್ಲೊಂದು ಸೀಟು ತನ್ನದಾಗಬೇಕೆಂದು ಗುತ್ಯಮ್ಮ ವರ್ಷವಿಡೀ ಹಟ ಹಿಡಿದು ಓದಿದ್ದಳು. ಆನಂದಪುರದ ಹತ್ತಿರದ ಹಳ್ಳಿಯ ಬೆಳ್ಳಪ್ಪನ ಮಗಳು ಅವಳು. ಬೆಳ್ಳಪ್ಪ ಗೇಣಿಗೆ ಗದ್ದೆ ಮಾಡುವವನು. ಆ ಸೀಮೆಯ ದೀವರ ಕುಲದ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಆಗ ಇವಳೊಬ್ಬಳೇ. ದಿನವೂ ರೈಲಿನಲ್ಲಿ ಬಂದುಹೋಗುತ್ತಿದ್ದಳು. ಅವಳನ್ನು ಕಾಲೇಜಿಗೆ ಕಳಿಸಿ ಎಂದು ಸೈಕಲ್ ತುಳಿದುಕೊಂಡು ಬೆಳ್ಳಪ್ಪನ ಮನೆಯವರೆಗೆ ಹೋಗಿ ಕೇಳಿದವರು ಲೆಕ್ಚರರ್ ಹೇರಂಬ ಭಟ್ಟರು. ಅವರು ರಾಯರ ಹಳೆಯ ಶಿಷ್ಯರು. ಈಗ ಗುರುಗಳ ಹಿಂದೆ ಕೈಕಟ್ಟಿ ನಿಂತಿದ್ದ ಅವರ ಮುಖವೂ ಬಿಳಿಚಿಕೊಂಡಿತ್ತು.

ರಾಯರು ಕೊನೆಗೂ ತಲೆ ಎತ್ತಿದರು.

"ಇದನ್ನ ಈ ಸ್ಲೈಡ್ ನೋಡಿಯೇ ಬರೆದೆಯೇನಮ್ಮ?"

ಹೌದೆಂದಳು.

"ಸ್ಲೈಡಿನಲ್ಲಿ ಇರೋದು ಏಳು ನಾಳ. ನಿನ್ನ ಚಿತ್ರದಲ್ಲಿ ಹತ್ತಿವೆ."

ಗುತ್ಯಮ್ಮನಿಗೆ ಈಗ ತಪ್ಪು ಹೊಳೆಯಿತು. ಕುಂಬಳ ಬಳ್ಳಿಯ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಅಡ್ಡ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ನೋಡಿದರೆ ನೀರು ಸಾಗಿಸುವ ನಾಳಗಳು ಹೊರಗೆ ಐದು, ಒಳಗೆ ಐದು ಕಾಣಬೇಕು. ಅವಳು ಕೊಯ್ದ ಚೂರು ಒಂದು ಪಕ್ಕದಲ್ಲಿ ಹರಿದು ಮೂರು ನಾಳ ಹೋಗಿಬಿಟ್ಟಿದ್ದವು. ಕಂಡಷ್ಟನ್ನು ಮಾತ್ರ ಬರೆಯಬೇಕು ಎಂದು ಪ್ರಶ್ನೆಪತ್ರಿಕೆಯಲ್ಲೇ ಇತ್ತು. ಪೆನ್ಸಿಲು ಹಿಡಿದ ಕೈಗೆ ಅದು ನೆನಪಾಗಲಿಲ್ಲ. ತಾಯಿ ಶೇಷಮ್ಮ ಪುಂಡಿನಾರಿನ ಕುಂಚದಲ್ಲಿ ಮದುವೆ ಮನೆಯ ಗೋಡೆಗೆ ಚಿತ್ತಾರ ಬರೆಯುವವಳು. ಏಳು ವರ್ಷದವಳಿದ್ದಾಗಿನಿಂದ ಗುತ್ಯಮ್ಮ ಅವಳ ಜೊತೆ ಕೂತು ಬರೆದವಳು. ಚಿತ್ತಾರದಲ್ಲಿ ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ ಇರಬೇಕು. ಗೆರೆ ಕೂಡದೆ ಬಿಟ್ಟರೆ ಮದುಮಕ್ಕಳಿಗೆ ಒಳ್ಳೆಯದಲ್ಲವೆಂದು ಮುದುಕಿಯರು ಕೈಮೇಲೆ ಹೊಡೆದು ಕಲಿಸಿದ್ದರು. ಹರಿದ ಜಾಗಕ್ಕೆ ಬಂದಾಗ ಕೈ ತನ್ನ ಪಾಡಿಗೆ ತಾನು ಸುತ್ತಿಕೊಂಡು ಹೋಗಿ ಗೆರೆ ಕೂಡಿಸಿಬಿಟ್ಟಿತ್ತು.

ರಾಯರ ಕಣ್ಣಿಗೆ ಅದು ಪುಸ್ತಕದ ಚಿತ್ರ ಬಾಯಿಪಾಠ ಮಾಡಿ ಇಳಿಸಿದ ಹಾಗೆ ಕಂಡಿದ್ದರೆ ಅವರ ತಪ್ಪೇನೂ ಇಲ್ಲ.

ಅಷ್ಟರಲ್ಲಿ ಹೇರಂಬ ಭಟ್ಟರು ಮುಂದೆ ಬಂದರು. "ಸಾರ್, ಈ ಸ್ಲೈಡ್ ನಾನು ಆಗಲೇ ನೋಡಿದ್ದೆ. ಆಗ ಹತ್ತೂ ಇತ್ತು. ಗ್ಲಿಸರಿನ್ ಸಾಲದೆ ಒಣಗಿ, ಮೇಲಿನ ಗಾಜು ಸರಿಸುವಾಗ ಹರಿದಿದ್ದು."

ಅವರು ಸ್ಲೈಡ್ ನೋಡಿರಲಿಲ್ಲ. ಅವಳ ಮೇಜಿನ ಹತ್ತಿರಕ್ಕೂ ಬಂದಿರಲಿಲ್ಲ.

ರಾಯರು ಶಿಷ್ಯನ ಕಡೆ ತಿರುಗಲಿಲ್ಲ, ಗುತ್ಯಮ್ಮನನ್ನೇ ನೋಡಿದರು. "ಹೌದೇನಮ್ಮ?"

ತಲೆ ಅಲ್ಲಾಡಿಸಿದರೆ ಮುಗಿಯಿತು. ಅಂಕ ಉಳಿಯುತ್ತದೆ, ಮೈಸೂರು ಉಳಿಯುತ್ತದೆ, ಸಾರ್ ಮರ್ಯಾದೆಯೂ ಉಳಿಯುತ್ತದೆ. ಅಲ್ಲವೆಂದರೆ ತನಗೋಸ್ಕರ ಸುಳ್ಳು ಹೇಳಿದವರನ್ನು ಅವರ ಗುರುಗಳೆದುರೇ ಸುಳ್ಳುಗಾರನನ್ನಾಗಿ ಮಾಡಿದ ಹಾಗೆ. ಗುತ್ಯಮ್ಮನಿಗೆ ಅಳು ಬಂತು. ಹೌದು ಎನ್ನಲು ಬಾಯಿ ತೆರೆದಳು ಕೂಡ. ಆದರೆ ಮಸೂರದ ಕೆಳಗೆ ಏಳೇ ಇದ್ದವು. ಬೆಳಗಿನಿಂದ ಅವಳು ನೋಡಿದ್ದೂ ಏಳನ್ನೇ.

"ಇಲ್ಲ ಸಾರ್. ಮೊದ್ಲೇ ಹರಿದಿತ್ತು. ಮೂರು ನಾನೇ ಸೇರ್ಸಿದೆ. ಚಿತ್ತಾರ ಬರ್ದ ಕೈ, ಗೆರೆ ಕೂಡ್ಸದೆ ಬಿಡಕ್ಕೆ ಬರ್ಲಿಲ್ಲ."

ರಾಯರು ಪಟ್ಟಿಯಲ್ಲಿ ಏನೋ ಬರೆದು ಮುಂದಿನ ಮೇಜಿಗೆ ಹೋದರು. ಹೇರಂಬ ಭಟ್ಟರು ಇದ್ದಲ್ಲೇ ನಿಂತರು. ಅವರ ಕುತ್ತಿಗೆ ಕೆಂಪಗಾಗಿತ್ತು.

ಆಮೇಲೆ ಭಟ್ಟರು ಅವಳ ಜೊತೆ ಮಾತಾಡಲಿಲ್ಲ. ಎದುರು ಸಿಕ್ಕಿ ನಮಸ್ಕಾರ ಮಾಡಿದರೆ ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಿದ್ದರು. ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಆರುನೂರಕ್ಕೆ ಮುನ್ನೂರ ಅರವತ್ತು ಬೇಕಿತ್ತು, ಮುನ್ನೂರ ಅರವತ್ತೊಂದು ಬಂದಿತ್ತು. ಗುತ್ಯಮ್ಮ ಅಂಕಪಟ್ಟಿಯನ್ನು ನಾಲ್ಕು ಸಲ ಕೂಡಿ ನೋಡಿದಳು. ಸಂತೋಷಪಡಲು ಪುರಸೊತ್ತಿರಲಿಲ್ಲ. ಅರ್ಜಿ ಸೋಮವಾರ ಮೈಸೂರು ಮುಟ್ಟಬೇಕು, ಶಿಫಾರಸು ಪತ್ರ ಬರೆಯಬೇಕಾದವರು ಹೇರಂಬ ಭಟ್ಟರು.

ಹೋಗಿ ಪ್ರಯೋಜನವಿಲ್ಲವೆಂದು ಬೆಳ್ಳಪ್ಪ ಖಂಡಿತವಾಗಿ ಹೇಳಿದ. ಒಡೆಯರ ಎದುರು ಬಾಯಿ ತೆರೆದವನ ಗದ್ದೆ ಮರುವರ್ಷ ಯಾರ ಪಾಲಾಗುತ್ತದೆಂದು ಕಂಡವನು ಅವನು. "ಅವ್ರ ಮಾತು ಸುಳ್ಳು ಮಾಡಿ ಅವ್ರ ಹತ್ರನೇ ಕೈ ಚಾಚ್ತೀಯೇನೇ? ಹೋಗದಾದ್ರೆ ತಪ್ಪಾಯ್ತು ಅಂತ ಕಾಲಿಗೆ ಬೀಳು."

ಶುಕ್ರವಾರ ಮಧ್ಯಾಹ್ನ ಗುತ್ಯಮ್ಮ ಭಟ್ಟರ ಮನೆ ಜಗಲಿಯ ತುದಿಯಲ್ಲಿ ನಿಂತಳು. ಅವರ ಹೆಂಡತಿ ಪುಷ್ಪಮ್ಮ ಕೂರಲು ಹೇಳಿ ಒಳಗೆ ಹೋದರು. ಭಟ್ಟರು ಹೊರಗೆ ಬಂದು ಅರ್ಜಿ ನೋಡಿದರು, ಅಂಕ ನೋಡಿದರು.

"ಆವತ್ತು ರಾಯರನ್ನ ಬಸ್ಸಿಗೆ ಬಿಡಕ್ಕೆ ಹೋದೆ," ಎಂದರು. "ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಹತ್ತು ವರ್ಷದ ಗುರುಗಳು ನಂಗೆ."

ಕಾಲಿಗೆ ಬೀಳಲು ಅವಳು ತಯಾರಾಗಿಯೇ ಬಂದಿದ್ದಳು. ಈಗ ಬಗ್ಗಲಾಗಲಿಲ್ಲ. "ನಿಮ್ಗೆ ಅವಮಾನ ಆಗಿದ್ದು ನೆನ್ಸಿದ್ರೆ ಅನ್ನ ಸೇರಲ್ಲ ಸಾರ್. ಆದ್ರೆ ಹೇಳಿದ್ದು ತಪ್ಪು ಅಂತ ಹೇಳಕ್ಕೆ ಆಗ್ತಿಲ್ಲ."

ಭಟ್ಟರು ಅರ್ಜಿ ಹಿಡಿದುಕೊಂಡೇ ಒಳಗೆ ಹೋದರು. ಮೂರು ಗಂಟೆಯಾಯಿತು, ನಾಲ್ಕಾಯಿತು. ಟಪಾಲು ಐದಕ್ಕೆ ಹೊರಡುತ್ತದೆ. ಒಳಗಿನಿಂದ ಕಾಗದ ಹರಿಯುವ ಸದ್ದು ಕೇಳಿದಾಗ ಹರಿದದ್ದು ತನ್ನ ಅರ್ಜಿಯೇ ಎಂದುಕೊಂಡು ಗುತ್ಯಮ್ಮ ಎದ್ದು ನಿಂತಳು. ಅಪ್ಪನ ಮಾತು ಕೇಳಬೇಕಿತ್ತು ಎನಿಸಿತು. ಅಂಗಳಕ್ಕೆ ಇಳಿಯುವಷ್ಟರಲ್ಲಿ ಭಟ್ಟರು ಒಂದು ಹಾಳೆ ತಂದು ಅವಳ ಕೈಗಿಟ್ಟರು. "ಓದು. ಆಮೇಲೆ ಅಂಟಿಸ್ತೇನೆ."

ರಾಯರಿಗೆ ಬರೆದ ಪತ್ರ, ಇಂಗ್ಲಿಷಿನಲ್ಲಿ. ಅದರ ಅರ್ಥ ಇಷ್ಟು: 'ಈ ವಿದ್ಯಾರ್ಥಿನಿಯ ಸ್ಲೈಡನ್ನು ಮೊದಲೇ ನೋಡಿದ್ದೆನೆಂದು ತಮ್ಮೆದುರು ನಾನು ಹೇಳಿದ್ದು ಸುಳ್ಳು. ಅಂಕ ಹೋಗುತ್ತದೆಂದು ಗೊತ್ತಿದ್ದೂ ಅವಳು ನಿಜ ಹೇಳಿದಳು. ನನ್ನ ವಿಭಾಗದಲ್ಲಿ ಈಕೆಗಿಂತ ನಂಬಿಕೆಗೆ ಯೋಗ್ಯರಾದವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ.' ಕೆಳಗೆ ಪೂರ್ತಿ ಹೆಸರು, ಸಹಿ.

ಗುತ್ಯಮ್ಮ ಹಾಳೆಯನ್ನು ಅವರತ್ತಲೇ ಚಾಚಿದಳು. "ಇದು ಬೇಡ ಸಾರ್. ಬರೀ ಚೆನ್ನಾಗಿ ಓದ್ತಾಳೆ ಅಂತ ಬರ್ದ್ರೆ ಸಾಕು."

"ಹಾಗೇ ಎರಡು ಸಲ ಬರೆದೆ, ಹರಿದು ಹಾಕಿದೆ," ಎಂದರು ಭಟ್ಟರು. "ನಾನು ಹೊಗಳಿದ್ರೆ ರಾಯರು ಇನ್ನು ನಂಬ್ತಾರಾ? ನನ್ನ ಬಾಯಿಂದ ಬಂದದ್ರಲ್ಲಿ ಅವರು ನಂಬೋದು ಇದೊಂದನ್ನೇ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಭಟ್ಟರು ಹಾಳೆ ತೆಗೆದುಕೊಂಡು ಮಡಿಸಿ, ಅರ್ಜಿಯ ಜೊತೆ ಲಕೋಟೆಗೆ ಹಾಕಿ, ಅಂಟು ಹಚ್ಚಿ ಒತ್ತಿದರು. ಆಮೇಲೆ ಚಪ್ಪಲಿ ಮೆಟ್ಟಿ, ಐದಾಗ್ತಾ ಬಂತು ನಡಿ ಎಂದು ಪೋಸ್ಟಾಫೀಸಿನ ದಾರಿ ಹಿಡಿದರು.