ದೈತ್ಯನ ಎಡಗಾಲು

ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅಳಿಯ ದೈತ್ಯನ ಕೈಯಲ್ಲಿ ನಲವತ್ತೊಂದನೇ ಸಲ ಸತ್ತ. ದೈತ್ಯನನ್ನು ಹುಟ್ಟಿಸಿದವನು ಅವನೇ.

ಎರಡು ವರ್ಷ ಮೂರು ತಿಂಗಳು ಒಬ್ಬನೇ ಕೂತು ಕಟ್ಟಿದ ಆಕ್ಷನ್ ಗೇಮ್ ಅದು. ಹೆಸರು ‘ಏಳನೇ ಬಾಗಿಲು’. ಗೇಮ್‌ಗಳನ್ನು ಮಾರುಕಟ್ಟೆಗೆ ಬಿಡುವ ಕಂಪನಿಯೊಂದು ಅದನ್ನು ಕೊಳ್ಳಲು ಒಪ್ಪಿ ಒಂದೇ ಒಂದು ಷರತ್ತು ಹಾಕಿತ್ತು: ಕೊನೆಯ ಲೆವೆಲ್ಲನ್ನು ಯಾರಾದರೂ ಆಡಿ ಗೆಲ್ಲಬೇಕು, ನಡುವೆ ಎಲ್ಲೂ ನಿಲ್ಲಿಸದೆ, ಧ್ವನಿಸಮೇತ ಅದನ್ನು ರೆಕಾರ್ಡ್ ಮಾಡಿ ಭಾನುವಾರ ಸಂಜೆ ಆರರೊಳಗೆ ಕಳಿಸಬೇಕು. ಹಿಂದೆ ಆ ಕಂಪನಿ ಬಿಟ್ಟಿದ್ದ ಎರಡು ಗೇಮ್‌ಗಳನ್ನು ಕೊಂಡವರಲ್ಲಿ ಒಬ್ಬರಿಂದಲೂ ಮುಗಿಸಲಾಗಿರಲಿಲ್ಲವಂತೆ. ಷರತ್ತು ಓದಿದಾಗ ಅಳಿಯ ನಕ್ಕಿದ್ದ. ತಾನು ಕಟ್ಟಿದ ಮನೆಯಿಂದ ಹೊರಗೆ ಬರಲು ತನಗೇ ದಾರಿ ಗೊತ್ತಿಲ್ಲವೇ ಎಂದುಕೊಂಡಿದ್ದ.

ಗೊತ್ತಿರಲಿಲ್ಲ. ಕೀಬೋರ್ಡಿನ ಮೂಲೆಯಲ್ಲಿ ಒಂದು ಕೀ ಇತ್ತು. ಅದನ್ನು ಒತ್ತಿದರೆ ಹೀರೋಗೆ ಏಟು ತಗುಲುತ್ತಿರಲಿಲ್ಲ. ಬೇಗ ಬೇಗ ಪರೀಕ್ಷೆ ಮಾಡಿ ಮುಗಿಸಲು ಅನುಕೂಲವೆಂದು ಅವನೇ ಇಟ್ಟುಕೊಂಡದ್ದು. ಎರಡು ವರ್ಷವೂ ಅವನು ಆ ಸಾವಿಲ್ಲದ ಹೀರೋನನ್ನೇ ಆಡಿಸಿದ್ದ. ಕೀ ಮುಟ್ಟದೆ ಮೊದಲ ಸಲ ಆಡಿದ್ದು ಆ ದಿನ ಬೆಳಿಗ್ಗೆ ಎಂಟಕ್ಕೆ. ಅದೂ ಪೂರ್ತಿ ಲೆವೆಲ್ ಅಲ್ಲ, ನೇರವಾಗಿ ದೈತ್ಯನ ಅಂಗಳದಿಂದ. ಆರು ಗಂಟೆ ಕಾಲ ಆಡಿದರೂ ದೈತ್ಯನ ಮೈಮೇಲೆ ಮೂರೇ ಗೀರು ಬಿದ್ದಿದ್ದವು.

ಈ ಸಲ ಆಗದಿದ್ದರೆ ಗೇಮ್‌ಗಳ ಸಹವಾಸ ಬಿಟ್ಟು, ಸೋಮವಾರದಿಂದಲೇ ಹಳೆಯ ಕೆಲಸಕ್ಕೆ ಮರಳುವುದಾಗಿ ಹೆಂಡತಿಗೆ ಅವನು ಮಾತು ಕೊಟ್ಟಿದ್ದ. ಹಳೆಯ ಕೆಲಸವೆಂದರೆ ಕೆಮ್ಮಿನ ಔಷಧದ ಡಬ್ಬಿಯ ಮೇಲೆ ಎಲೆಗಳ ಚಿತ್ರ ಬಿಡಿಸುವುದು.

“ರೀ, ಅಮ್ಮನ್ನ ಕರೀಲಾ?” ಎಂದಳು ಹೆಂಡತಿ.

“ಬೇಡ.”

“ಇನ್ನು ನಾಲ್ಕು ಗಂಟೆ ಕೂಡ ಇಲ್ಲ.”

“ಎಲೆ ಬಿಡಿಸ್ತೀನಿ. ಎಲೆ ಬಿಡಿಸೋದು ಅಷ್ಟೇನು ಕೆಟ್ಟದ್ದಲ್ಲ.”

ಹೆಂಡತಿ ಆಗಲೇ ಫೋನ್ ಕಿವಿಗಿಟ್ಟಿದ್ದಳು.

ಅತ್ತೆ ದೊಡ್ಡಾಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಪ್ಲಾಸ್ಟರ್ ಬಿಚ್ಚಿದವರ ಬೆರಳು ಸಡಿಲವಾಗಲಿ ಎಂದು ಆಸ್ಪತ್ರೆಗೆ ಯಾರೋ ಒಂದು ಹಳೆಯ ಗೇಮ್ ಯಂತ್ರ ದಾನ ಕೊಟ್ಟಿದ್ದರು. ಹೇಗೆ ಆಡಬೇಕೆಂದು ರೋಗಿಗಳಿಗೆ ತೋರಿಸಿಕೊಡುವ ಕೆಲಸ ಅತ್ತೆಯ ಪಾಲಿಗೆ ಬಂತು. ರೋಗಿಗಳು ವಾಸಿಯಾಗಿ ಮನೆಗೆ ಹೋದರು, ಅತ್ತೆ ವಾಸಿಯಾಗಲಿಲ್ಲ. ಅಂದಿನಿಂದ ಅವರು ಆಡಿ ಮುಗಿಸಿದ ಆಕ್ಷನ್ ಗೇಮ್‌ಗಳ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲಿದೆ, ದಿನಾಂಕದ ಸಮೇತ: ನೂರ ಹದಿನೆಂಟು.

ಅವರ ಆಟದ ಬಗ್ಗೆ ಅಳಿಯನಿಗೆ ಹೆದರಿಕೆ ಇರಲಿಲ್ಲ, ಅಭಿಪ್ರಾಯದ ಬಗ್ಗೆ ಇತ್ತು. ಹಿಂದೊಮ್ಮೆ ಒಂದು ಪುಟ್ಟ ಗೇಮ್ ಮಾಡಿ, “ಹೇಗಿದೆ ಅತ್ತೆ?” ಎಂದು ಬಾಯಿಮಾತಿಗೆ ಕೇಳಿದ್ದ. ಮರುದಿನ ಮೂರು ಹಾಳೆಯ ವರದಿ ಬಂತು. ಪ್ರತಿ ತಪ್ಪಿಗೂ ಲಕ್ಷಣ, ಕಾರಣ, ಚಿಕಿತ್ಸೆ. ಎರಡು ದಿನ ಅವನಿಗೆ ಊಟ ಸೇರಿರಲಿಲ್ಲ.

ಎರಡು ಮುಕ್ಕಾಲಿಗೆ ಅತ್ತೆ ಬಂದರು. ಗೇಮ್ ಆಡುವ ತಮ್ಮದೇ ಕಂಟ್ರೋಲರನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಹಿಂದೆಯೇ ಮಾವ, ಕಂಕುಳಲ್ಲಿ ಪೇಪರು. ಅವರ ಗಡಿಯಾರ ರಿಪೇರಿ ಅಂಗಡಿಗೆ ಭಾನುವಾರ ರಜೆ. ಅವರು ಟೀವಿಗೆ ಬೆನ್ನು ಹಾಕಿ ಕುರ್ಚಿ ಎಳೆದುಕೊಂಡರು.

“ಮೈಕ್ ಆನ್ ಇರುತ್ತೆ ಅತ್ತೆ, ಮಾತಾಡಿದ್ದೆಲ್ಲ ರೆಕಾರ್ಡ್ ಆಗುತ್ತೆ,” ಎಂದ ಅಳಿಯ.

“ಆಗ್ಲಿ ಬಿಡಿ ಅಳಿಯಂದ್ರೇ. ನಾನೇನು ಬೈಗುಳ ಆಡ್ತೀನಾ?”

“ಅಭಿಪ್ರಾಯ ಹೇಳ್ತೀಯಲ್ಲಮ್ಮಾ,” ಎಂದಳು ಮಗಳು. “ಅದಕ್ಕಿಂತ ಬೈಗುಳ ವಾಸಿ.”

ಮೂರು ಗಂಟೆಗೆ ಮೊದಲ ರೆಕಾರ್ಡಿಂಗ್ ಶುರುವಾಯಿತು. ಹೀರೋ ಮೂರನೇ ಮಹಡಿಯ ಕಿಟಕಿಯಿಂದ ಹಾರಿ, ನೆಲದ ಮೇಲೆ ಒಂದು ಪಲ್ಟಿ ಹೊಡೆದು, ಎದ್ದು ಓಡಿದ.

“ಮೂರನೇ ಮಹಡಿಯಿಂದ ಬಿದ್ದವ್ರು ವಾರಕ್ಕೆ ಇಬ್ರಾದ್ರೂ ನನ್ ಹತ್ರ ಬರ್ತಾರೆ,” ಎಂದರು ಅತ್ತೆ, ಬೆರಳು ನಿಲ್ಲಿಸದೆ. “ಒಬ್ರೂ ಎದ್ದು ಓಡಿದ್ದಿಲ್ಲ.”

“ಆಕ್ಷನ್ ಗೇಮಲ್ಲಿ ಅದೆಲ್ಲ ನಡೆಯುತ್ತೆ ಅತ್ತೆ.”

“ನಡೆಯುತ್ತೆ, ಒಪ್ಪಿದೆ. ಹಾರೋಕೇ ತಾನೇ ನಾವು ಕೂತಿರೋದು? ನನ್ನ ತಕರಾರು ಬೇರೆ. ಇಷ್ಟು ಗಟ್ಟಿ ಮೂಳೆಯವನು ಈ ಮರದ ಬಾಗಿಲನ್ನ ಒದೆಯೋಕಾಗದೆ ಬೀಗದ ಕೈ ಹುಡುಕ್ತಾ ಹೊರಟಿದ್ದಾನಲ್ಲ, ಅದ್ಯಾಕೆ?”

ಅಳಿಯ ತಲೆ ಕೆರೆದುಕೊಂಡ. ಬೀಗದ ಕೈ ಹುಡುಕಿಸಿದರೆ ಲೆವೆಲ್ ನಾಲ್ಕು ನಿಮಿಷ ಉದ್ದವಾಗುತ್ತಿತ್ತು, ಅದೇ ಕಾರಣ.

ಮುಂದಿನ ಅಂಗಳದಲ್ಲಿ ಒಂಬತ್ತು ಕಾವಲುಗಾರರು ಹೀರೋನನ್ನು ಸುತ್ತುಗಟ್ಟಿದರು. ಒಬ್ಬ ಮುಂದೆ ಬಂದು ಏಟು ತಿಂದು ಬಿದ್ದ. ಉಳಿದ ಎಂಟು ಮಂದಿ ಕತ್ತಿ ಹಿಡಿದು ಕಾದರು. ಆಮೇಲೆ ಎರಡನೆಯವನು ಬಂದ.

“ನಮ್ಮ ಓಪಿಡಿ ಕ್ಯೂನಲ್ಲೂ ಇಷ್ಟು ಶಿಸ್ತಿಲ್ಲ,” ಎಂದರು ಅತ್ತೆ. “ಟೋಕನ್ ಕೊಟ್ಟಿದ್ದೀರೇನು?”

ಮಾವ ಪೇಪರಿನ ಹಿಂದೆ ನಕ್ಕದ್ದು ಕೇಳಿಸಿತು. ಅಳಿಯ ಇಂಗು ತಿಂದ ಮಂಗನಂತೆ ಕೂತ. ಆದರೆ ಐದನೇ ಕಾವಲುಗಾರ ಬಿದ್ದಾಗ ಅತ್ತೆ ಹೇಳಿದ ಮಾತಿಗೆ ಅವನ ಬೆನ್ನು ನೆಟ್ಟಗಾಯಿತು.

“ಕತ್ತಿ ಏಟು ಮಾತ್ರ ಚೆನ್ನಾಗಿ ಮಾಡಿದ್ದೀರಿ. ಬಿದ್ದದ್ದು ಬೆರಳಿಗೇ ಗೊತ್ತಾಗುತ್ತೆ. ದೊಡ್ಡ ದೊಡ್ಡ ಗೇಮಲ್ಲೂ ಇದು ಇರಲ್ಲ. ಅಲ್ಲಿ ಗಾಳಿಗೆ ಬಟ್ಟೆ ಕೊಡವಿದ ಹಾಗಿರುತ್ತೆ.”

“ನಿಜವಾಗ್ಲೂ ಅತ್ತೆ?”

“ನಾನು ಸುಳ್ಳು ಹೇಳ್ತೀನಾ? ಅಯ್ಯೋ, ಈ ಕಂಬ ಯಾಕ್ರೀ ಅಡ್ಡ ಬಂತು? ಹೀರೋನೇ ಕಾಣ್ತಿಲ್ಲ. ನನ್ನ ಕಣ್ಣನ್ನ ಕಂಬದ ಹಿಂದೆ ಇಟ್ಟು ಯುದ್ಧ ಮಾಡು ಅಂದ್ರೆ ಹೇಗೆ?”

ಹನ್ನೆರಡು ನಿಮಿಷಕ್ಕೆ ದೈತ್ಯನ ಅಂಗಳ ಬಂತು. ದೈತ್ಯ ಎರಡು ಹೆಜ್ಜೆ ಇಟ್ಟು ಗದೆ ಬೀಸಿದ. ಅತ್ತೆ ಉರುಳಿ ತಪ್ಪಿಸಿಕೊಂಡರು. ಇನ್ನೆರಡು ಹೆಜ್ಜೆ, ಇನ್ನೊಂದು ಬೀಸು. ಅಂಗಳಕ್ಕೆ ಬಂದ ಆರನೇ ನಿಮಿಷಕ್ಕೆ ಅವರು ಸತ್ತರು.

ಎರಡನೇ ಸಲ ಐದು ಗೀರು ಹಾಕಿ ಸತ್ತರು. ಮೂರನೇ ಸಲ ಸತ್ತಾಗ ಮಾವ ಪೇಪರು ಮಡಚಿ ಕೇಳಿದರು, “ಅಲ್ಲ ಕಣೇ, ಹೊಡೆಯೋದು, ಸಾಯೋದು, ಮತ್ತೆ ಮೊದಲಿಂದ ಹೊಡೆಯೋದು. ಇದರಲ್ಲಿ ನಿನಗೆ ಅಂಥಾದ್ದೇನು ಸಿಗುತ್ತೆ?”

“ಮತ್ತೆ ಮೊದಲಿಂದ ಹೊಡೆಯೋದು ಸಿಗುತ್ತಲ್ರೀ, ಅದೇ,” ಎಂದರು ಅತ್ತೆ. “ಮೂಳೆ ವಕ್ರ ಕೂಡಿಕೊಂಡ್ರೆ ಆಸ್ಪತ್ರೇಲಿ ಈ ಸೌಲಭ್ಯ ಇಲ್ಲ. ಒಳ್ಳೇ ಗೇಮ್ ಅಂದ್ರೆ, ಸತ್ತಾಗ ನನ್ನ ಮೇಲೇ ನನಗೆ ಸಿಟ್ಟು ಬರ್ಬೇಕು. ಬೇಗ ಉರುಳಿದೆ, ಆಸೆಪಟ್ಟು ಇನ್ನೊಂದು ಏಟು ಹೊಡೆಯೋಕೆ ಹೋದೆ, ಹೀಗೆ ನನ್ನ ತಪ್ಪು ನನಗೆ ಕಾಣ್ಬೇಕು. ಕೆಟ್ಟ ಗೇಮಲ್ಲಿ ಸತ್ರೆ ಗೇಮ್ ಮೇಲೆ ಸಿಟ್ಟು ಬರುತ್ತೆ.”

“ಈಗ ಯಾರ ಮೇಲೆ ಬಂತು?”

“ಅಳಿಯಂದ್ರ ಮೇಲೆ.”

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅತ್ತೆ ಐದನೇ ಸಲ ಸತ್ತರು. ದೈತ್ಯನಿಗೆ ಹನ್ನೊಂದು ಏಟು ಬಿದ್ದರೆ ಮುಗಿಯುತ್ತಿತ್ತು, ಏಳರ ಮೇಲೆ ಹೋಗಲಾಗಿರಲಿಲ್ಲ. ರೆಕಾರ್ಡಿಂಗ್ ಕಳಿಸಲು ಅರ್ಧ ಗಂಟೆ ಬೇಕು. ಉಳಿದಿರುವುದು ಹೆಚ್ಚೆಂದರೆ ಎರಡು ಸಲ ಎಂದು ಅಳಿಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಣ್ಣ ಮುಂದೆ ಎಲೆಗಳು ಬಂದವು.

ಆಗ ಮಾವ, ತಿರುಗಿಯೂ ನೋಡದೆ, “ನಿಮ್ಮ ದೈತ್ಯನ ಬಡಿತ ಸರಿಯಿಲ್ಲ,” ಎಂದರು.

“ಏನಂದ್ರಿ ಮಾವ?”

“ಹೆಜ್ಜೆ ಸದ್ದು. ಡಂ, ಡಂ ಅಂತ ಒಂದೇ ಸಮ ಬೀಳಬೇಕಲ್ವಾ? ಒಂದು ಸರಿಯಾಗಿ ಬೀಳುತ್ತೆ, ಇನ್ನೊಂದು ತಡ. ಅಂಗಡೀಲಿ ಇಂಥ ಗಡಿಯಾರ ಬಂದ್ರೆ ಮೊದಲು ಮುಚ್ಚಳ ತೆಗೀತೀನಿ.”

ಅತ್ತೆಯ ಕೈ ಕಂಟ್ರೋಲರಿನ ಮೇಲೆ ನಿಂತಿತು. ಅವರು ದೈತ್ಯನ ಅಂಗಳವನ್ನಷ್ಟೇ ತೆರೆದು, ಹೊಡೆಯದೆ, ದೂರದಲ್ಲಿ ನಿಂತು ಅವನು ನಡೆಯುವುದನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು.

“ಅಳಿಯಂದ್ರೇ, ಸ್ವಲ್ಪ ಎದ್ದು ಅಡುಗೆಮನೆ ತನಕ ನಡೀರಿ.”

“ನಾನಾ? ಯಾಕತ್ತೆ?”

“ನಡೀರಿ ಅಂದೆ.”

ಅವನು ನಡೆದ. ಟೀವಿಯಲ್ಲಿ ದೈತ್ಯನೂ ನಡೆದ. ಬಲಗಾಲು, ಎಡಗಾಲು; ಎಡಗಾಲು ಊರುವ ಮುಂಚೆ ಒಂದು ಕೂದಲೆಳೆಯಷ್ಟು ಅನುಮಾನ. ಹದಿನಾಲ್ಕು ಆಳೆತ್ತರದ ಕಬ್ಬಿಣದ ಮೈ, ಕೊಂಬು, ಗದೆ ಎಲ್ಲವೂ ಬೇರೆ, ನಡಿಗೆ ಒಂದೇ.

“ಅಯ್ಯಯ್ಯೋ,” ಎಂದಳು ಹೆಂಡತಿ. “ರೀ, ಅದು ನೀವೇ!”

ನಟರನ್ನು ಕರೆಸಿ ನಡೆಸಲು ಅನುಕೂಲವಿಲ್ಲದೆ ಅಳಿಯ ತಾನೇ ವರಾಂಡದಲ್ಲಿ ಹಿಂದೆ ಮುಂದೆ ನಡೆದು, ಹೆಂಡತಿಯ ಕೈಯಲ್ಲಿ ವೀಡಿಯೊ ಮಾಡಿಸಿ, ಅದನ್ನೇ ಗೇಮಿನ ಎಲ್ಲರಿಗೂ ಹಾಕಿದ್ದ.

“ಹೀರೋನೂ ನೀವೇ, ಒಂಬತ್ತು ಕಾವಲುಗಾರ್ರೂ ನೀವೇ, ದೈತ್ಯನೂ ನೀವೇ,” ಎಂದರು ಅತ್ತೆ. “ಇರ್ಲಿ. ಈ ಎಡಗಾಲಿಗೆ ಪ್ಲಾಸ್ಟರ್ ಹಾಕಿದ್ದು ನಾನು. ನಾನು ಹಾಕಿದ ಕಾಲು ಹೀಗೆ ನಡೆಯಲ್ಲ. ಎಷ್ಟು ವಾರ ಇತ್ತು ಅದು?”

“ಆರು ವಾರ ಅತ್ತೆ. ನೀವು ಹೇಳಿದ ಹಾಗೇ. ಆಮೇಲೆ ಬೇರೆ ಕಡೆ ಬಿಚ್ಚಿಸಿದೆ.”

ನಾಲ್ಕು ವರ್ಷದ ಹಿಂದೆ ಅವನು ಫೋನ್ ನೋಡುತ್ತಾ ಮೆಟ್ಟಿಲಿನಿಂದ ಉರುಳಿ ಆ ಪ್ಲಾಸ್ಟರ್ ಕೋಣೆಗೆ ಹೋಗಿದ್ದ. ಅಮ್ಮನಿಗೆ ಊಟದ ಡಬ್ಬಿ ತಂದಿದ್ದ ಮಗಳನ್ನು ಅಲ್ಲೇ ಮೊದಲು ನೋಡಿದ್ದು.

“ಸರಿ,” ಎಂದರು ಅತ್ತೆ. “ರೆಕಾರ್ಡಿಂಗ್ ಹಾಕಿ.”

ಐದು ಗಂಟೆಗೆ ಆರನೇ ಆಟ ಶುರುವಾಯಿತು. ಈ ಸಲ ಬಾಗಿಲು, ಕಂಬ, ಕಾವಲುಗಾರರ ಕ್ಯೂ ಎಲ್ಲವನ್ನೂ ಅತ್ತೆ ಒಂದೊಂದು ಮಾತಿನಲ್ಲಿ ಬೈದು ದಾಟಿದರು. ದೈತ್ಯ ಎದುರಾದಾಗ ಓಡಲಿಲ್ಲ. ಬಲಗಾಲು ಬೀಳಲು ಬಿಟ್ಟರು. ಎಡಗಾಲು ಅನುಮಾನಿಸುವ ಆ ಕ್ಷಣದಲ್ಲಿ ಒಳನುಗ್ಗಿ ಒಂದು ಏಟು ಕೊಟ್ಟು ಹೊರಗೆ ಉರುಳಿದರು. ಗದೆ ಬರಿ ನೆಲಕ್ಕೆ ಬಡಿಯಿತು.

“ಒಂದು,” ಎಂದರು. “ಎಷ್ಟು ವಾರ?”

“ಅತ್ತೆ, ಮೈಕ್ ಆನ್ ಇದೆ.”

“ಗೊತ್ತಿದೆ. ಎರಡು. ಎಷ್ಟು ವಾರ?”

“ಆರು.”

“ಸುಳ್ಳು ಕೇಳಿದ್ರೆ ನನ್ನ ಕೈ ನಡುಗುತ್ತೆ ಅಳಿಯಂದ್ರೇ. ನೋಡಿ, ನಡುಗ್ತಾ ಇದೆ.” ಗದೆಯ ತುದಿ ಹೀರೋಗೆ ತಾಗಿತು. ಮೂರು ಏಟಿಗೆ ಸಾಯುವ ಹೀರೋಗೆ ಅದು ಮೊದಲನೆಯದು.

“ಐದೂವರೆ!” ಎಂದ ಅಳಿಯ.

“ಮೂರು. ನಾಲ್ಕು. ಐದೂವರೆ ಇದ್ದ ಕಾಲು ಇದಲ್ಲ.” ಗದೆ ಮತ್ತೆ ತಾಗಿತು. ಹೀರೋಗೆ ಬಿದ್ದ ಏಟು ಎರಡು.

“ರೀ, ಹೇಳಿಬಿಡ್ರೀ!” ಹೆಂಡತಿ ಅವನ ತೋಳು ಹಿಡಿದು ಅಲ್ಲಾಡಿಸಿದಳು.

“ನಾಲ್ಕು ವಾರ ಮೂರು ದಿನ! ಬಕೆಟ್ಟಲ್ಲಿ ಕಾಲು ನೆನೆಸಿ, ಅಡುಗೆಮನೆ ಕತ್ತರೀಲಿ ಕತ್ತರಿಸಿದೆ ಅತ್ತೆ!”

“ಹಾಂ. ಐದು. ಆರು. ಈಗ ಕೈ ನೆಟ್ಟಗಾಯ್ತು. ಯಾಕೆ ಕತ್ತರಿಸಿದ್ದು?”

“ಸಿನಿಮಾಗೆ ಹೋಗೋದಿತ್ತು.”

“ಏಳು. ಯಾರ ಜೊತೆ?”

ದೈತ್ಯ ಎರಡು ಹೆಜ್ಜೆ ಇಟ್ಟ.

“ನನ್ ಜೊತೇನೇ ಅಮ್ಮಾ,” ಎಂದಳು ಮಗಳು. “ಬಕೆಟ್ ಹಿಡಿದಿದ್ದೂ ನಾನೇ.”

“ಎಂಟು,” ಎಂದರು ಅತ್ತೆ. ಮಗಳ ಕಡೆ ತಿರುಗದೆ ಎಣಿಸುತ್ತಾ ಹೋದರು. ಒಂಬತ್ತು. ಹತ್ತು. ಹನ್ನೊಂದನೇ ಏಟಿಗೆ ದೈತ್ಯನ ಎಡ ಮಂಡಿ ಮಡಚಿಕೊಂಡಿತು. ಅವನು ಅಂಗಳದ ತುಂಬ ಉದ್ದಕ್ಕೆ ಮಲಗಿದ. ಏಳನೇ ಬಾಗಿಲು ತೆರೆಯಿತು. ಗಂಟೆ ಐದು ಇಪ್ಪತ್ತಮೂರು.

ಅಳಿಯನಿಗೆ ಕುಣಿಯುವುದೋ ಕಾಲಿಗೆ ಬೀಳುವುದೋ ತಿಳಿಯಲಿಲ್ಲ. ಅತ್ತೆ ಕಂಟ್ರೋಲರನ್ನು ಟವೆಲಿನಲ್ಲಿ ಸುತ್ತುತ್ತಿದ್ದರು.

“ಅತ್ತೆ, ಗೇಮ್ ಹೇಗಿದೆ?” ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಬಾಗಿಲಿಗೆ ಬುದ್ಧಿಯಿಲ್ಲ, ಕಂಬಕ್ಕೆ ಮರ್ಯಾದೆಯಿಲ್ಲ. ಕಾವಲುಗಾರ್ರು ಸಂಬಳಕ್ಕೆ ನಿಂತವ್ರು. ಆದ್ರೆ ದೈತ್ಯ ಒಳ್ಳೆಯವನು. ಅವನಿಗೆ ಎಲ್ಲಿ ನೋವಿದೆ ಅಂತ ಕಣ್ಣಿಟ್ಟು ನೋಡಿದ್ರೆ ಕಾಣುತ್ತೆ. ನೂರ ಹದಿನೆಂಟು ಗೇಮಲ್ಲಿ ಇಂಥವನು ಸಿಕ್ಕಿರಲಿಲ್ಲ.” ಎದ್ದು ನಿಂತು ಸೆರಗು ಸರಿಮಾಡಿಕೊಂಡರು. “ಕೊನೇ ಸಲ ಸಿಟ್ಟು ಬಂದಿದ್ದು ನನ್ನ ಮೇಲೇನೇ. ನಾಲ್ಕು ವರ್ಷ ಕಣ್ಣೆದುರು ನಡೀತಿದ್ರೂ ಗುರುತು ಹಿಡೀಲಿಲ್ಲವಲ್ಲ.”

ಮಾತು ಕತ್ತರಿಸಿದರೆ ರೆಕಾರ್ಡಿಂಗ್ ತಿರಸ್ಕೃತವಾಗುತ್ತಿತ್ತು. ಅಳಿಯ ಬಕೆಟ್, ಕತ್ತರಿ, ಸಿನಿಮಾ ಸಮೇತ ಇದ್ದದ್ದು ಇದ್ದ ಹಾಗೆ ಕಳಿಸಿದ. ಐದು ಐವತ್ತೊಂದಕ್ಕೆ ಅದು ಹೋಗಿ ಮುಟ್ಟಿತು.

ಮಂಗಳವಾರ ಒಪ್ಪಂದದ ಪತ್ರ ಬಂತು. ರೆಕಾರ್ಡಿಂಗಿನಲ್ಲಿ ಮಾತಾಡಿದ ಮಹಿಳೆ ಹೇಳಿದ ಬಾಗಿಲು, ಕಂಬ, ಕಾವಲುಗಾರರನ್ನು ಸರಿಪಡಿಸಬೇಕು, ದೈತ್ಯನ ನಡಿಗೆಯನ್ನು ಮಾತ್ರ ಮುಟ್ಟಬಾರದು ಎಂದು ಅದರಲ್ಲಿತ್ತು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ಎಡಗಾಲಿಗೆಂದು ಅತ್ತೆ ಬರೆದುಕೊಟ್ಟ ಚೀಟಿ ಹಿಡಿದು, ಅಳಿಯ ದೊಡ್ಡಾಸ್ಪತ್ರೆಯ ವ್ಯಾಯಾಮ ವಿಭಾಗದ ಸಾಲಿನಲ್ಲಿ ಮೂರನೆಯವನಾಗಿ ನಿಂತ.