ಉಂಡು ಮಾಡಿದ ಸೋಮವಾರ

"ಮುಟ್ಟಬ್ಯಾಡ್ರಿ ಮಾವಾರ," ಎಂದು ನಾಗವೇಣಿ ಪರಮಣ್ಣನ ಮುಂಗೈ ಹಿಡಿದುಬಿಟ್ಟಳು. ಅವನ ಎರಡೂ ಅಂಗೈ ಅವಳ ಅತ್ತೆಯ ಬಲ ಮೊಣಕಾಲಿನ ಮೇಲಿದ್ದವು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮೈಭಾರವನ್ನೆಲ್ಲ ಹಾಕಿ ಒತ್ತಿಬಿಡುತ್ತಿದ್ದ.

ಅತ್ತೆ ವೀರಭದ್ರಮ್ಮ ಬೆಳಗಿನ ಐದೂವರೆಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದಳು. ಈಗ ಆರೂವರೆ. ಮಗ ಮೌನೇಶ ವಿಭೂತಿ, ಹೂವು ತರಲು ಕಲ್ಲೂರಿನಿಂದ ಮಾನ್ವಿಗೆ ಹೋಗಿದ್ದ. ಇದು ಲಿಂಗಾಯತರ ಮನೆ. ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಪದ್ಮಾಸನ ಹಾಕಿಸಿ ಕೂಡಿಸಿಯೇ ಕುಣಿಗೆ ಇಳಿಸುತ್ತಾರೆ. ಮೈ ಸೆಟೆಯುವ ಮೊದಲೇ ಕಾಲು ಮಡಚಬೇಕು. ಆದರೆ ವೀರಭದ್ರಮ್ಮನ ಮೊಣಕಾಲುಗಳನ್ನು ಸಂಧಿವಾತ ಹಿಡಿದು ಏಳು ವರ್ಷವಾಗಿತ್ತು. ಅವಳು ಕುರ್ಚಿ ಬಿಟ್ಟು ನೆಲಕ್ಕೆ ಕೂತದ್ದನ್ನು ಊರ ಮಂದಿ ಕಂಡಿರಲಿಲ್ಲ.

ಪರಮಣ್ಣ ವೀರಭದ್ರಮ್ಮನ ಮೈದುನ, ಕೆಟ್ಟವನಲ್ಲ. ಒತ್ತಿದರೆ ಆಗದ ಕೆಲಸ ಈ ಲೋಕದಲ್ಲಿಲ್ಲ ಎಂದು ನಂಬಿದವನು, ಅಷ್ಟೆ.

"ಹೊತ್ತಾದ್ರ ಕಟ್ಟಿಗಿ ಆಗತಾವವ್ವಾ," ಎಂದ. "ಆಮ್ಯಾಲ ನಾಕು ಮಂದಿ ಹತ್ತಿದ್ರೂ ಮಡಚಂಗಿಲ್ಲ."

ನಾಗವೇಣಿ ಬಾಗಿಲಲ್ಲಿ ನಿಂತಿದ್ದ ಮಹಾಂತಯ್ಯನ ಕಡೆ ತಿರುಗಿದಳು. ಊರಿನ ಸಾವಿನ ವಿಧಿಗಳನ್ನೆಲ್ಲ ಮಾಡಿಸುವ ಅಯ್ಯನವರು ಅವರೇ.

"ಅಯ್ಯಾರ, ಅರ್ಧ ತಾಸು ಕೊಡ್ರಿ. ಗಂಡಸರು ಹೊರಗ ಇರ್ರಿ. ನಾ ಕೂಡಸ್ತೀನಿ."

ಮಹಾಂತಯ್ಯ ಗಡಿಯಾರ ನೋಡಿದರು. ಅರ್ಧ ತಾಸಿನ ಮೇಲೆ ತಡೆಯಲಾಗುವುದಿಲ್ಲ ಎಂದು ಹೇಳಿ ಪರಮಣ್ಣನನ್ನು ಕರೆದುಕೊಂಡು ಹೊರಗೆ ಹೋದರು.

*

ನಾಲ್ಕು ವರ್ಷದ ಹಿಂದೆ ಗಬ್ಬೂರಿನಲ್ಲಿ ವೀರಭದ್ರಮ್ಮನ ಅಕ್ಕ ಗೋಪಮ್ಮ ತೀರಿಕೊಂಡಾಗ ಇಬ್ಬರು ಗಂಡಸರು ಮೊಣಕಾಲೂರಿ ಅವಳ ಕಾಲು ಮಡಚಿದ್ದರು. ಅಕ್ಕನಿಗೂ ಇದೇ ಬೇನೆಯಿತ್ತು. ಆಗ ಬಂದ ಸದ್ದು ಪಡಸಾಲೆಯಲ್ಲಿ ಕೂತಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಕಲ್ಲೂರಿನ ಮನೆಗೆ ಮರಳಿ ನೀರು ಕುಡಿದ ಮೇಲೆ ವೀರಭದ್ರಮ್ಮ ಸೊಸೆಗೆ ಒಂದೇ ಮಾತು ಹೇಳಿದಳು: "ನನ್ನ ಕಾಲು ಯಾರೂ ಮುರೀಬಾರದು, ನಾಗವೇಣಿ."

ಸಾಯಲು ಅವಳಿಗೆ ಅಂಜಿಕೆಯಿರಲಿಲ್ಲ. ಅಂಜಿಕೆಯಿದ್ದದ್ದು ಆ ಸದ್ದಿಗೆ. ಅಲ್ಲಿಂದ ಅವಳು ಹಚ್ಚದ ಎಣ್ಣೆಯಿಲ್ಲ, ಕಟ್ಟದ ಸೊಪ್ಪಿಲ್ಲ. ಮೊಣಕಾಲು ಬೇನೆಗೆ ಮದ್ದು ಗೊತ್ತಿಲ್ಲದ ಒಂದು ಮನೆಯೂ ಕಲ್ಲೂರಿನಲ್ಲಿರಲಿಲ್ಲ. ಬೇನೆ ಮಾತ್ರ ಜಪ್ಪೆನ್ನಲಿಲ್ಲ.

ಕೊನೆಗೆ ನಾಗವೇಣಿಯೇ ಅವಳನ್ನು ಬಸ್ಸು ಹತ್ತಿಸಿ ರಾಯಚೂರಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರಮ್ಮ ರಕ್ತ ತಪಾಸಣೆ ಮಾಡಿಸಿ, ವಾರಕ್ಕೊಂದೇ ಸಲ, ಅದೂ ಪ್ರತಿ ವಾರ ಅದೇ ದಿನ ನುಂಗುವ ಗುಳಿಗೆ ಕೊಟ್ಟರು. ಇದು ಇವತ್ತು ನುಂಗಿದರೆ ನಾಳೆ ಗುಣ ಕೊಡುವ ಔಷಧವಲ್ಲ, ಮೂರು ನಾಲ್ಕು ತಿಂಗಳು ಹಿಡಿಯುತ್ತದೆ, ನಡುವೆ ಬಿಡಬಾರದು ಎಂದರು. ವೀರಭದ್ರಮ್ಮ ಬೆರಳು ಮಡಚಲಾಗದೆ ಬಾಯಲ್ಲೇ ಲೆಕ್ಕ ಹಾಕಿದಳು. ಹದಿನಾರು ಸೋಮವಾರ. ಶಿವನ ವಾರವಾದರೆ ಮರೆಯುವ ಮಾತೇ ಇಲ್ಲ.

ತಪ್ಪಾದದ್ದು ಅಲ್ಲೇ. ಸೋಮವಾರ ಅವಳಿಗೆ ನಲವತ್ತು ವರ್ಷದಿಂದ ಉಪವಾಸ. ಊಟವಾದ ಮೇಲೆ ನುಂಗಬೇಕಾದ ಗುಳಿಗೆಯನ್ನು ಪೂಜೆಯಾದ ಮೇಲೆ ಖಾಲಿ ಹೊಟ್ಟೆಯಲ್ಲಿ ನುಂಗಿದಳು. ಮೂರು ವಾರವೂ ಸಂಜೆತನಕ ವಾಂತಿ. ಈ ಔಷಧ ಮೈಗೆ ಆಗಿಬರುವುದಿಲ್ಲ, ಬಿಟ್ಟುಬಿಡು ಎಂದು ಪರಮಣ್ಣ ಕೂಗಾಡಿದ. ಬೇರೆ ದಿನ ನುಂಗಿರೆಂದು ನಾಗವೇಣಿ ಅಂಗಲಾಚಿದಳು. ವೀರಭದ್ರಮ್ಮ ಇಬ್ಬರ ಮಾತೂ ಕೇಳಲಿಲ್ಲ. ಹಿಡಿದ ವಾರ ಹಿಡಿದದ್ದೇ ಎಂದು, ನಾಲ್ಕನೆಯ ಸೋಮವಾರ ದೇವರ ಜಗಲಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಎರಡು ಜೋಳದ ರೊಟ್ಟಿ ಬಡಿಸಿಕೊಂಡಳು.

"ಶಿವಾ," ಎಂದಳು, "ನಿನ್ನ ಮುಂದ ಕಾಲು ಮಡಚಿ ಕೂಡ್ರಬೇಕಂತನ ಉಣ್ಣಾಕತ್ತೀನಿ. ಸಿಟ್ಟಾಗಬ್ಯಾಡ."

ತುತ್ತು ಇಳಿಯುವಾಗ ಅವಳ ಕಣ್ಣು ತುಂಬಿದ್ದವು. ಆದರೂ ಒಂದು ಚೂರು ಬಿಡದೆ ಉಂಡು ಗುಳಿಗೆ ನುಂಗಿದಳು.

ಎಂಟು ವಾರವಾದರೂ ಏನೂ ಆಗಲಿಲ್ಲ. ಒಂಬತ್ತನೆಯ ವಾರ ಮುಷ್ಟಿ ಕಟ್ಟಲು ಬಂತು. ಹನ್ನೆರಡಕ್ಕೆ ನೆಲಕ್ಕೆ ಕೂತಳು, ಎಡಗಾಲು ಮಡಚಿತು. ಬಾಗಿಲು ಹಾಕಿಕೊಂಡು, ಸೊಸೆಯ ಕೈ ಆಸರೆಯಲ್ಲಿ ದಿನಾ ಸಂಜೆ ಕೂಡುತ್ತಿದ್ದಳು. ಪೂರಾ ಬರುವತನಕ ಯಾರಿಗೂ ಹೇಳಕೂಡದು, ದೃಷ್ಟಿಯಾಗುತ್ತದೆ ಎಂದು ಸೊಸೆಯಿಂದ ಆಣೆ ಮಾಡಿಸಿಕೊಂಡಿದ್ದಳು. ಹೋದ ಸೋಮವಾರ ಹದಿನೈದನೆಯದು. ಬಲ ಹಿಮ್ಮಡಿ ತೊಡೆಯನ್ನೇರಲು ಇನ್ನೂ ನಾಲ್ಕು ಬೆರಳು ಬಾಕಿಯಿತ್ತು.

*

ಪಕ್ಕದ ಮನೆಯ ಅಮೀರ್ ಬೀ ಹಿಂದಿನಿಂದ ಹೆಗಲು ಹಿಡಿದು ವೀರಭದ್ರಮ್ಮನನ್ನು ಗೋಡೆಗೆ ಆನಿಸಿದಳು. ನಾಗವೇಣಿ ಎಡಗಾಲು ಮಡಚಿದಳು. ಸಲೀಸಾಗಿ ಬಂತು. ಬಲಗಾಲು ಅರ್ಧ ದಾರಿಗೆ ಬಂದು ನಿಂತಿತು.

ಒತ್ತಿಬಿಡಲೇ ಎಂದು ನಾಗವೇಣಿಯ ಅಂಗೈ ಮೊಣಕಾಲಿನತನಕ ಹೋಗಿತ್ತು. ಒತ್ತಿದರೆ ತಾನೂ ಗಬ್ಬೂರಿನ ಆ ಗಂಡಸರೇ ಆಗುತ್ತೇನೆ ಅನ್ನಿಸಿ ಕೈ ಹಿಂದೆಗೆದಳು. ಸಂಜೆ ಹೊತ್ತು ಅವಳು ಅವಸರ ಮಾಡಿದರೆ ಅತ್ತೆ ಬೈಯುತ್ತಿದ್ದಳು. ಕಾಲಿನ ಭಾರ ಹಿಡಿದುಕೊಂಡು ಸುಮ್ಮನೆ ಕೂಡು, ತಾನಾಗಿಯೇ ಸಡಿಲಾಗುತ್ತದೆ ಎನ್ನುತ್ತಿದ್ದಳು. ನಾಗವೇಣಿ ಒಂದು ಕೈ ಪಾದದಡಿ, ಒಂದು ಕೈ ಮೊಣಕಾಲಿನಡಿ ಇಟ್ಟು ಹಿಡಿದಳು. ಹೊರಗಿನಿಂದ ಪರಮಣ್ಣ ಆಯಿತೇ ಎಂದು ಎರಡು ಸಲ ಕೇಳಿದ. ತಾನು ಹಿಡಿಯುತ್ತೇನೆಂದು ಅಮೀರ್ ಬೀ ಹೇಳಿದರೂ ಅವಳು ಬಿಡಲಿಲ್ಲ.

"ನನಗ ಅವಸರಿಲ್ಲ ಅತ್ತಿ," ಎಂದಳು. "ನೀವು ಸಾವಕಾಶ ಬರ್ರಿ."

ಕಾಲು ಒಂದಿಷ್ಟು ಸಡಿಲಾಯಿತು. ಮತ್ತೆ ನಿಂತಿತು. ಆಮೇಲೆ ಇನ್ನೊಂದಿಷ್ಟು. ಯಾವ ಸದ್ದೂ ಇಲ್ಲದೆ ಹಿಮ್ಮಡಿ ತೊಡೆಯ ಮೇಲೆ ಬಂದು ಕೂತಿತು.

ಅಮೀರ್ ಬೀ ಬಾಗಿಲು ತೆಗೆದಳು. ಮಹಾಂತಯ್ಯ ಒಳಗೆ ಬಂದು ನೋಡಿ, ಇಷ್ಟಲಿಂಗವನ್ನು ವೀರಭದ್ರಮ್ಮನ ಎಡ ಅಂಗೈಯಲ್ಲಿಟ್ಟರು. ಅವರ ಹಿಂದೆ ಬಂದ ಪರಮಣ್ಣ ಹೆಗಲ ಮೇಲಿನ ಟವೆಲು ತೆಗೆದಿಟ್ಟು, ಗೋಡೆ ಹಿಡಿದು, ಅತ್ತಿಗೆಯ ಎದುರು ತಾನೂ ಕಾಲು ಮಡಚಿ ಕೂತ. ಅವನ ಮೊಣಕಾಲುಗಳು ನೆಲದಿಂದ ಗೇಣು ಮೇಲೆಯೇ ನಿಂತವು. ವೀರಭದ್ರಮ್ಮನವು ಎರಡೂ ನೆಲಕ್ಕೆ ತಾಗಿದ್ದವು.