ಹುಳ ತಿಂದ ಸಾಲು

ಪಾಟನ್ನಿನ ಕಂಚುಗಾರರ ಕುಲಕೂಟವಾದ ಗುಠಿಯಲ್ಲಿ, ತಾಳೆಗರಿಯ ದಾನಪತ್ರ ಪೆಟ್ಟಿಗೆಯಿಂದ ಹೊರಬರುವುದು ವರ್ಷಕ್ಕೊಂದೇ ದಿನ, ಕುಲದ ಊಟದ ದಿನ. ಈ ಸಲ ಮುಖ್ಯ ಅತಿಥಿ ಇತಿಹಾಸದ ಪ್ರೊಫೆಸರ್ ದಿವ್ಯರತ್ನ ಅಮಾತ್ಯರು. ಈ ದಿನಕ್ಕಾಗಿ ಕುಲದ ಮಗಳು ಹೀರಾಶೋಭಾ ಏಳು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಅಮಾತ್ಯರ ಕೈಕೆಳಗೆ ಹನ್ನೆರಡು ವರ್ಷ ಕಣ್ಣು ಸವೆಸಿ ಅವಳು ತೊಂಬತ್ತು ಹಳೆಯ ಗರಿಗಳನ್ನು ಓದಿ ಬರೆದಿಟ್ಟಿದ್ದಳು. ಆ ನೋಟ್‌ಬುಕ್ಕನ್ನು ‘ಒಮ್ಮೆ ನೋಡಿ ಕೊಡ್ತೀನಿ’ ಎಂದು ಒಯ್ದ ಮಹಾನುಭಾವರು ತಮ್ಮ ಹೆಸರಿನ ಪುಸ್ತಕವನ್ನೇ ತಂದರು. ಕೆಸರಾದದ್ದು ಇವಳ ಕೈ, ಮೊಸರು ಬಿದ್ದದ್ದು ಅವರ ಬಾಯಿಗೆ. ಮುನ್ನುಡಿಯಲ್ಲಿ ಚಹಾದಂಗಡಿಯವನನ್ನೂ ನೆನೆದಿದ್ದರು, ಇವಳನ್ನು ಬಿಟ್ಟು.

ಅವಳು ಮೊದಲು ಅತ್ತಳು. ಆಮೇಲೆ ಪುಟ ತಿರುಗಿಸುತ್ತ ನಕ್ಕಳು. ಗುಠಿಯ ದಾನಪತ್ರದಲ್ಲಿ ಒಂದು ಸಾಲನ್ನು ಹುಳ ತಿಂದಿತ್ತು. ‘ವಿಧವೆಯೊಬ್ಬಳು ತನ್ನ ಸ್ವಂತ ಹೊಲ ಕೊಟ್ಟಳು’ ಎಂದು ಅಲ್ಲಿ ಅವಳೇ ಊಹಿಸಿ ತುಂಬಿದ್ದಳು. ತನ್ನದೇ ನೋಟ್‌ಬುಕ್ಕಲ್ಲವೇ, ಇದು ಊಹೆ ಎಂದು ಗುರುತು ಹಾಕಿರಲಿಲ್ಲ. ಗರಿಯ ಮುಖವನ್ನೇ ನೋಡದ ಪುಣ್ಯಾತ್ಮ ಆ ಒಂದು ಸಾಲಿಗೆ ಇಡೀ ಪುಸ್ತಕ ನೇತುಹಾಕಿ ಪ್ರಶಸ್ತಿಯನ್ನೂ ಹೊಡೆದುಕೊಂಡಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು?

ಅರವತ್ತು ಜನ ಚಾಪೆಯ ಮೇಲೆ ಪಂಕ್ತಿಯಲ್ಲಿ ಕೂತರು. ಎಲೆಗೆ ಅವಲಕ್ಕಿ ಬೀಳುವ ಮೊದಲು ಪತ್ರ ಓದುವುದು ವಾಡಿಕೆ.

“ಅಜ್ಜ, ಈ ಸಲ ಅತಿಥಿಗಳೇ ಓದಲಿ,” ಎಂದಳು ಹೀರಾಶೋಭಾ. “ಅವರಿಗಿಂತ ಬಲ್ಲವರು ಯಾರಿದ್ದಾರೆ?”

ಗುಠಿಯ ಹಿರಿಯ ಅಷ್ಟಮಾನರು ಖುಷಿಯಿಂದ ಗರಿ ಬಿಚ್ಚಿ ಕೊಟ್ಟರು. ಅಮಾತ್ಯರು ಬಾಯಿಪಾಠವನ್ನು ಗಡಗಡ ಒಪ್ಪಿಸಿದರು. ವಿಧವೆಯ ಹೊಲ ಬಂತು.

“ತಡೀರಿ ಸಾಹೇಬ್ರೇ,” ಎಂದರು ಅಜ್ಜ. “ಅಲ್ಲಿ ತೂತಿದೆ. ಎಲ್ಲಿಂದ ಓದಿದ್ರಿ?”

“ನಾನು ನೋಡಿದಾಗ ಸರಿಯಾಗೇ ಇತ್ತು. ಈಚೆಗೆ ಹುಳ ಹತ್ತಿರಬೇಕು.”

ಅಜ್ಜನ ಮುಖ ಕೆಂಪಾಯಿತು. “ನಮ್ಮ ಪೆಟ್ಟಿಗೇಲಿ ಹುಳ ಸಾಕಿದೀವಿ ಅಂತೀರಾ? ಈ ತೂತನ್ನ ನನಗೆ ತೋರಿಸಿದ್ದು ನಮ್ಮಜ್ಜ.”

ಅಮಾತ್ಯರು ಬಡಿಸಲು ಪಕ್ಕದಲ್ಲೇ ನಿಂತಿದ್ದ ಹೀರಾಶೋಭಾಳತ್ತ ಬಾಗಿ ಪಿಸುಗುಟ್ಟಿದರು. “ತಂಗಿ, ಏನಾದ್ರೂ ಹೇಳು. ಮಾನ ಹೋಗ್ತಿದೆ.”

“ಸಾಲು ಯಾರದು ಅಂತ ನೀವೇ ಹೇಳಿ ಸರ್. ಗಟ್ಟಿಯಾಗಿ.”

“ಅದು... ಈಕೆ ಮಾಡಿದ ತಪ್ಪು.”

“ತಪ್ಪು ನನ್ನದೇ. ಹೆಸರು ಹೇಳಿ.”

“ಹೀರಾಶೋಭಾ ತಾಮ್ರಾಕಾರ್.”

“ಆ ಸಾಲು ನಮ್ಮ ಹುಡುಗೀದು,” ಎಂದರು ಅಜ್ಜ. “ಮಿಕ್ಕ ಪುಸ್ತಕ?”

ಅಮಾತ್ಯರು ಗರಿಯತ್ತ ಕಣ್ಣು ತಗ್ಗಿಸಿದರು.

“ಅದೂ ಇವಳದೇ.”

ಅವಳಿಗೆ ಅಯ್ಯೋ ಅನಿಸಲಿಲ್ಲ. ಏಳು ವರ್ಷದ ಹೊಟ್ಟೆಯ ಬೆಂಕಿ ತಣ್ಣಗಾಯಿತು, ಅಷ್ಟೇ. ಗರಿ ಇಸಿದುಕೊಂಡು ಮೊದಲಿನಿಂದ ಓದಿದಳು. ತೂತು ಬಂದಾಗ, “ಇಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ,” ಎಂದು ಮುಂದೆ ಹೋದಳು.

ಹಿರಿಯರು ಏಳುವ ತನಕ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ಅಷ್ಟಮಾನರು ಅಂದು ಮೂರು ಗಂಟೆ ಉಂಡರು. ಅಮಾತ್ಯರ ಎಲೆಗೆ ಹೀರಾಶೋಭಾ ತಾನೇ ನಿಂತು, ಬೇಡ ಬೇಡವೆಂದರೂ, ಮತ್ತೆ ಮತ್ತೆ ಬಡಿಸಿದಳು.